ನಾಲ್ಕನೆಯ ಸೀಟು

ಮುಂಬೈಯ ಭಾಂಡುಪ್‌ನಲ್ಲಿ ಬೆಳಗಿನ ಸ್ಲೋ ಲೋಕಲ್ ಹತ್ತುವವರಿಗೆ ಸಿಕ್ಕರೆ ಸಿಗುವುದು ‘ಚೌಥೀ ಸೀಟ್’ ಮಾತ್ರ. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವನು ಅರ್ಧ ಮೈ ಹೊರಗಿಟ್ಟು ಕೂರುವ ಜಾಗ. ಅದಕ್ಕೆ ಕಾನೂನಿಲ್ಲ, ಮೂವರೂ ತುಸು ಸರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದನ್ನು ಬಲ್ಲ ಜಾಣರು ಉಲ್ಟಾ ಠಾಣೆಗೆ ಹೋಗಿ, ಅಲ್ಲಿಂದ ಸೀಟು ಹಿಡಿದು ಬರುತ್ತಾರೆ. ಹಾಗೆ ಬಂದವನ ಕೈಯಲ್ಲಿ ಧಮ್ಮಪದ ಇದೆಯೆನ್ನಿ. ಭಾಂಡುಪ್‌ನಲ್ಲಿ ಅವನದೇ ಊರಿನವನೊಬ್ಬ ‘ಥೋಡಾ ಸರ್ಕೋ’ ಎಂದಾಗ ಕಣ್ಣು ಪುಟದಿಂದ ಏಳುವುದೇ ಕಷ್ಟ. ಮೈತ್ರಿಯ ಮಾತಿರುವ ಪುಟವಾದರಂತೂ ಕೇಳುವುದೇ ಬೇಡ.

ಬೌದ್ಧ ಗ್ರಂಥಗಳ ಓದು ರುಚಿ ಹತ್ತಿಸುವ ಹವ್ಯಾಸ. ಪಾಳಿಯ ‘ದುಕ್ಖ’ ಬರೀ ದುಃಖವೋ, ಬದುಕಿನ ಒಳಗೇ ಇರುವ ಅತೃಪ್ತಿಯೋ ಎಂದು ಬೆನ್ನು ಹತ್ತಿದರೆ ಒಂದು ಸಂಜೆ ಸಾಲದು. ತೊಡಕಿರುವುದೂ ಈ ರುಚಿಯಲ್ಲೇ. ಕೋಪದ ಮೇಲೆ ಮೂರು ವ್ಯಾಖ್ಯಾನ ಓದಿದವನಿಗೆ ಕೋಪ ಗೆದ್ದ ಸಮಾಧಾನ ಪುಕ್ಕಟೆಯಾಗಿ ಬಂದುಬಿಡುತ್ತದೆ.

ಮುಂಬೈಯ ಚಾಳುಗಳ ಎಷ್ಟೋ ಮನೆಗಳಿಗೆ ಬೌದ್ಧಧರ್ಮ ಬಂದ ದಾರಿಯೇ ಬೇರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ತಮ್ಮ ಅನುಯಾಯಿಗಳಿಗೆ 22 ಪ್ರತಿಜ್ಞೆ ಬೋಧಿಸಿದರು. ಸುಳ್ಳಾಡೆ, ಕದಿಯೆ, ಕುಡಿಯೆ ಎಂಬಂಥವೂ ಅವುಗಳಲ್ಲಿದ್ದವು. ದಶಕಗಳ ಅಧ್ಯಯನದ ಫಲವಾದ ಅವರ ‘ಬುದ್ಧ ಮತ್ತು ಅವನ ಧಮ್ಮ’ ಅಚ್ಚಾದದ್ದು 1957ರಲ್ಲಿ, ಅವರು ತೀರಿಕೊಂಡ ಮೇಲೆ. ಜನರಿಗೆ ಪ್ರತಿಜ್ಞೆ ಮೊದಲು ಸಿಕ್ಕಿತು, ಪುಸ್ತಕ ಆಮೇಲೆ.

ಓದಿಗಿಂತ ನಡೆ ಮುಂದು ಎಂಬುದಕ್ಕೆ ಇನ್ನೂ ಹಳೆಯ ಸಾಕ್ಷಿ ಭಾಂಡುಪ್‌ನ ಗುಡ್ಡಗಳಾಚೆಯೇ ಇದೆ: ಕಾನ್ಹೇರಿ. ನೂರಕ್ಕೂ ಹೆಚ್ಚು ಗುಹೆಗಳ ಈ ವಿಹಾರದಲ್ಲಿ ತತ್ತ್ವಚರ್ಚೆ ಅರಸಿ ಶಾಸನ ಓದಿದವರಿಗೆ ಹೆಚ್ಚಾಗಿ ಸಿಗುವುದು ದಾನದ ಲೆಕ್ಕ. ‘ಪೋಢಿ’ ಎಂದರೆ ನೀರಿನ ತೊಟ್ಟಿ. ‘ಆಸನಪೇಢಿಕಾ’ ಎಂದರೆ ಕೂರುವ ಕಲ್ಲುಜಗಲಿ. ಬಂಡೆ ಕೊರೆಸಿ ಇಂಥವನ್ನು ಕೊಟ್ಟವರಲ್ಲಿ ಕಲ್ಯಾಣದ, ಸೋಪಾರದ ವ್ಯಾಪಾರಿಗಳಿದ್ದರು. 9ನೆಯ ಶತಮಾನದಲ್ಲಿ, ಅತ್ತ ಮಾನ್ಯಖೇಟದಲ್ಲಿ ಕವಿರಾಜಮಾರ್ಗದ ಅಮೋಘವರ್ಷ ಆಳುತ್ತಿದ್ದಾಗ, ಇಲ್ಲಿನ ಶಾಸನವೊಂದು ಪುಸ್ತಕಕ್ಕೂ ದತ್ತಿ ಬರೆಯಿತು. ಆದರೆ ಅದೇ ಪಟ್ಟಿಯಲ್ಲಿ ವಿಹಾರದ ದುರಸ್ತಿಯೂ ಇದೆ, ಭಿಕ್ಷುಗಳ ಬಟ್ಟೆಯೂ ಇದೆ.

ಆ ಕಲ್ಯಾಣ ಇಂದು ಭಾಂಡುಪ್ ಇರುವ ರೈಲುಮಾರ್ಗದಲ್ಲೇ ಇದೆ. ಅಲ್ಲಿಂದ ಬರುವ ಗಾಡಿಯಲ್ಲಿ ಆಸನ ಈಗಲೂ ದಾನವಾಗಿಯೇ ಸಿಗಬೇಕು. ಅದೂ ಎಷ್ಟು ಹೊತ್ತು? ಕಾಂಜೂರಮಾರ್ಗ, ವಿಕ್ರೋಳಿ ದಾಟಿದರೆ ಘಾಟ್ಕೋಪರ್. ಮೆಟ್ರೋ ಹಿಡಿಯುವವರು ಇಳಿದು ಬೆಂಚು ಸಡಿಲಾಗುತ್ತದೆ. ಅಲ್ಲಿಯವರೆಗೆ ಓದುಗ ಸರಿದು ಕೂತನೋ, ಪುಟ ತಿರುವಿದನೋ, ಪಕ್ಕದಲ್ಲಿ ನಿಂತವನಿಗೆ ಗೊತ್ತು.