ಸಾವಿನ ಮನೆಯಲ್ಲೂ ಹಾಡಬಹುದಾದ ಹಾಡು

ಕ್ರಿಸ್ಮಸ್ ಹಾಡುಗಳನ್ನು ನಾವು ಭಕ್ತಿಗೆ ಇಲ್ಲವೇ ಹಬ್ಬದ ಸಡಗರಕ್ಕೆ ಬಿಟ್ಟುಕೊಟ್ಟಿದ್ದೇವೆ. ಅವನ್ನು ಸಾಹಿತ್ಯವೆಂದು ಕೂತು ಓದುವುದಿಲ್ಲ. ಆದರೆ ಹಾಡೂ ಒಂದು ಮಾತು ಹೇಳುತ್ತದೆ. ಆ ಮಾತು ನಿಜವೇ ಎಂದು ಕೇಳುವ ಹಕ್ಕು ಹಾಡುವವರಿಗೂ ಕೇಳುವವರಿಗೂ ಇದೆ.

ಡಿಸೆಂಬರ್ ಬಂತೆಂದರೆ ವಾಶಿ ಸ್ಟೇಷನ್ ಆಸುಪಾಸಿನ ಮಾಲ್‌ಗಳಲ್ಲಿ ‘ಜಿಂಗಲ್ ಬೆಲ್ಸ್’ ಶುರುವಾಗುತ್ತದೆ. 1857ರಲ್ಲಿ ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ ಪ್ರಕಟಿಸಿದ ಆ ಹಾಡಿನಲ್ಲಿ ಯೇಸುವೂ ಇಲ್ಲ, ಬೆತ್ಲೆಹೇಮೂ ಇಲ್ಲ. ಹಿಮದ ಮೇಲೆ ಓಡುವ ಕುದುರೆಗಾಡಿಯ ಮೋಜಷ್ಟೇ ಇದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಅದು ಬೇರೇನನ್ನೂ ಕೊಡುತ್ತೇನೆಂದು ಹೇಳಿಕೊಂಡಿಲ್ಲ. ನನ್ನ ತಕರಾರು ನಮ್ಮ ಸಭೆಗಳವರು ಮನೆಮನೆಗೆ ಹೋಗಿ ಹಾಡುವ ಕ್ಯಾರಲ್‌ಗಳ ಬಗ್ಗೆ. ‘ನಿತ್ಯ ಸಂತೋಷ’ ಕೊಡುತ್ತೇವೆ ಎಂದು ಹೇಳುವ ಹಾಡುಗಳವು. ನಿತ್ಯ ಎಂದ ಮೇಲೆ ಕೆಟ್ಟ ವರ್ಷದಲ್ಲೂ ಆ ಮಾತು ನಿಲ್ಲಬೇಕು.

ನಮ್ಮ ಮನೆಗೆ ಇದು ಅಂಥ ವರ್ಷ. ಅಕ್ಟೋಬರಿನಲ್ಲಿ ಅಮ್ಮ ತೀರಿಕೊಂಡರು. ಡಿಸೆಂಬರ್ ಎರಡನೆಯ ವಾರ ಕ್ಯಾರಲ್ ತಂಡದ ಹುಡುಗನೊಬ್ಬ ಫೋನ್ ಮಾಡಿ, “ಅಂಕಲ್, ಈ ಸಲ ನಿಮ್ಮ ಮನೆಗೆ ಬರೋದಾ, ಬೇಡ್ವಾ?” ಎಂದು ಮುಜುಗರದಿಂದಲೇ ಕೇಳಿದ. ಬನ್ನಿ ಎಂದೆ. ಆಮೇಲೆ ಅವರ ಹಾಡಿನ ಪಟ್ಟಿ ತರಿಸಿಕೊಂಡು ನೋಡಿದೆ. ಗಂಟೆ, ನಕ್ಷತ್ರ, ಕುಣಿತ, ಚಪ್ಪಾಳೆ. ಆಫೀಸಿನಲ್ಲಿ ನಾವು ಪ್ರತಿ ಶುಕ್ರವಾರ ಕಳಿಸುವ ಸ್ಟೇಟಸ್ ರಿಪೋರ್ಟ್ ನೆನಪಾಯಿತು: ಎಲ್ಲ ಸಾಲೂ ಹಸಿರು. ಇಪ್ಪತ್ತು ವರ್ಷ ಈ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಎಲ್ಲ ಹಸಿರಿರುವ ರಿಪೋರ್ಟನ್ನು ಯಾರೂ ನಂಬುವುದಿಲ್ಲ. ಸಾವಿನ ಮನೆಯಲ್ಲಿ ನಿಂತು ಹಾಡಿದರೂ ಸುಳ್ಳಾಗದ ಕ್ರಿಸ್ಮಸ್ ಹಾಡು ಯಾವುದು ಎಂಬ ಪ್ರಶ್ನೆ ಹಾಗೆ ಎದ್ದದ್ದು.

ಮೊದಲು ಮೂಲ ಕಥೆಯನ್ನೇ ನೋಡೋಣ. ಲೂಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ದೇವದೂತ ಕುರುಬರಿಗೆ ಮಹಾ ಸಂತೋಷದ ಸುದ್ದಿ ಹೇಳುವುದು 10ನೆಯ ವಚನದಲ್ಲಿ. ಅದೇ ಅಧ್ಯಾಯದ 35ನೆಯ ವಚನಕ್ಕೆ ಬಂದರೆ ಮುದುಕ ಸಿಮೆಯೋನ ಆ ಕೂಸನ್ನು ಎತ್ತಿಕೊಂಡು, ತಾಯಿಯ ಜೀವವನ್ನೇ ಕತ್ತಿ ತಿವಿದು ಹೋಗುವುದೆಂದು ಅವಳೆದುರೇ ಹೇಳುತ್ತಾನೆ. ಮತ್ತಾಯನದು ಇನ್ನೂ ಕಠಿಣ. 2ನೆಯ ಅಧ್ಯಾಯದ 10ನೆಯ ವಚನದಲ್ಲಿ ಜೋಯಿಸರು ನಕ್ಷತ್ರ ಕಂಡು ಅತ್ಯಂತ ಸಂತೋಷಪಡುತ್ತಾರೆ. 16ನೆಯ ವಚನದಲ್ಲಿ ಹೆರೋದ ಬೆತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಲ್ಲಿಸುತ್ತಾನೆ. ನಡುವೆ ಐದೇ ವಚನ. ಹಳೆಯ ಚರ್ಚ್ ಪಂಚಾಂಗ ಇದನ್ನು ಮರೆತಿಲ್ಲ. ಕ್ರಿಸ್ಮಸ್ ಕಳೆದ ಮೂರನೆಯ ದಿನ, ಡಿಸೆಂಬರ್ 28, ಸತ್ತ ಆ ಮಕ್ಕಳ ಸ್ಮರಣೆಯ ದಿನ. ಸುವಾರ್ತೆ ಬರೆದವರು ದುಃಖವನ್ನು ಸಂತೋಷದ ಪಕ್ಕದಲ್ಲೇ ಕೂರಿಸಿದ್ದಾರೆ. ನಮ್ಮ ಕ್ಯಾರಲ್‌ಗಳು ಕುರುಬರನ್ನೂ ಜೋಯಿಸರನ್ನೂ ಇಟ್ಟುಕೊಂಡು ಸಿಮೆಯೋನನನ್ನೂ ಹೆರೋದನನ್ನೂ ಹೊರಗೆ ಕಳಿಸಿಬಿಟ್ಟಿವೆ.

ಇದು ಕನ್ನಡದವರ ತಪ್ಪು ಮಾತ್ರವಲ್ಲ. ಐಸಾಕ್ ವಾಟ್ಸ್ 1719ರಲ್ಲಿ ಪ್ರಕಟಿಸಿದ ‘ಜಾಯ್ ಟು ದ ವರ್ಲ್ಡ್’ ನೋಡಿ. ಅದು 98ನೆಯ ಕೀರ್ತನೆಯನ್ನು ಆಧರಿಸಿದ್ದು, ಕ್ರಿಸ್ಮಸ್‌ಗೆಂದೇ ಬರೆದದ್ದಲ್ಲ. ಅದರ ಮೂರನೆಯ ಚರಣದಲ್ಲಿ ಪಾಪ, ದುಃಖ, ಮುಳ್ಳು, ಶಾಪ ಎಲ್ಲವೂ ಬರುತ್ತವೆ. ಶಾಪ ಎಲ್ಲಿಯವರೆಗೆ ಹಬ್ಬಿದೆಯೋ ಅಲ್ಲಿಯವರೆಗೂ ಆಶೀರ್ವಾದ ಹರಿಯುತ್ತದೆ ಎಂಬುದು ಆ ಚರಣದ ಸಾರ. ಇಡೀ ಹಾಡಿನ ಸಂತೋಷಕ್ಕೆ ಕಾರಣ ಕೊಡುವ ಚರಣವೇ ಅದು. ಹಾಡುವಾಗ ಬಹಳ ಸಲ ಬಿಟ್ಟುಹೋಗುವುದೂ ಅದೇ.

ಇದಕ್ಕೆ ವಿರುದ್ಧವಾದ ಪರಂಪರೆಯೂ ಉಂಟು. ಜರ್ಮನಿಯ ಪೌಲ್ ಗೆರ್ಹಾರ್ಟ್ ಹುಟ್ಟಿದ್ದು 1607ರಲ್ಲಿ. ಅವನ ಹರೆಯವೆಲ್ಲ ಮೂವತ್ತು ವರ್ಷಗಳ ಯುದ್ಧದಲ್ಲಿ ಕಳೆಯಿತು. 1637ರಲ್ಲಿ ಸ್ವೀಡನ್ನಿನ ಸೈನಿಕರು ಅವನ ಹುಟ್ಟೂರನ್ನು ಸುಟ್ಟರು. ಹೃದಯ ಹರ್ಷದಿಂದ ಜಿಗಿಯಲಿ ಎಂದು ಆರಂಭವಾಗುವ ಅವನ ಕ್ರಿಸ್ಮಸ್ ಹಾಡು 1653ರಲ್ಲಿ ಅಚ್ಚಾಯಿತು. ಆ ಹಾಡಿನ ಹರ್ಷ ಒಬ್ಬೊಬ್ಬರನ್ನೇ ಕರೆಯುತ್ತ ಹೋಗುತ್ತದೆ: ದೊಡ್ಡ ದುಃಖದಲ್ಲಿರುವವರನ್ನು, ಪಾಪದ ಭಾರ ಹೊತ್ತವರನ್ನು, ಬಡವರನ್ನು. ಕೊನೆಗೆ ಅದು ತಲುಪುವುದು ಕಾಲವೇ ಇಲ್ಲದ ಒಂದು ಸಂತೋಷಕ್ಕೆ. ಗೆರ್ಹಾರ್ಟ್‌ನ ಮದುವೆ ಆದದ್ದು ಆ ಬಳಿಕ. ಐದು ಮಕ್ಕಳಲ್ಲಿ ನಾಲ್ಕು ಚಿಕ್ಕಂದಿನಲ್ಲೇ ತೀರಿಹೋದವು. 1668ರಲ್ಲಿ ಹೆಂಡತಿಯೂ ಹೋದಳು. ಹಾಡು ಮೊದಲು ಬಂತು, ಅದರ ಪರೀಕ್ಷೆ ಆಮೇಲೆ. ದುಃಖದಲ್ಲಿರುವವರನ್ನು ಮೊದಲೇ ಹೆಸರಿಟ್ಟು ಕರೆದಿದ್ದ ಹಾಡಾದ್ದರಿಂದ, ತಾನೇ ಆ ಗುಂಪಿಗೆ ಸೇರಿದಾಗ ಅದರ ಸಾಲುಗಳನ್ನು ತಿದ್ದಬೇಕಾದ ಪ್ರಮೇಯ ಅವನಿಗೆ ಬರಲಿಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಇಂಥ ಜರ್ಮನ್ ಪರಂಪರೆಯ ರಾಗಗಳಿಗೆ ಕನ್ನಡ ಮಾತು ಹೊಂದಿಸಿತು. ಅನುವಾದವಾಗಿ ಆ ಗೀತೆಗಳಲ್ಲಿ ತೊಡಕುಗಳಿವೆ. ರಾಗ ಎಳೆದ ಕಡೆ ನಮ್ಮ ಹ್ರಸ್ವ ದೀರ್ಘವಾಗುತ್ತದೆ, ಪದ ನಡುವೆ ಮುರಿಯುತ್ತದೆ. ಕಿಟ್ಟೆಲರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ನಮ್ಮದೇ ಛಂದಸ್ಸಿನಲ್ಲಿ ಹೇಳಲು ಹೊರಟದ್ದು ಸುಮ್ಮನೆ ಅಲ್ಲ. ಆದರೂ ಆ ಹಳೆಯ ಗೀತೆಗಳ ಸಂತೋಷದಲ್ಲಿ ತೂಕವಿದೆ. 1914ರಲ್ಲಿ ಯುದ್ಧ ಶುರುವಾಗಿ ಬ್ರಿಟಿಷ್ ಸರಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು; ಸಭೆಯ ಎಷ್ಟೋ ಮನೆಗಳಿಗೆ ಅನ್ನ ಕೊಡುತ್ತಿದ್ದ ಹಂಚಿನ, ನೇಯ್ಗೆಯ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಅಂಥ ಡಿಸೆಂಬರುಗಳನ್ನು ದಾಟಿ ಬಂದ ಹಾಡುಗಳವು. ಬಲ್ಮಠದಲ್ಲಿ ಬೆಳೆದ ನಮ್ಮಮ್ಮ ಅವನ್ನು ಪುಸ್ತಕವಿಲ್ಲದೆ ಹಾಡುತ್ತಿದ್ದರು, ಅರ್ಧ ತಪ್ಪು ಶ್ರುತಿಯಲ್ಲಿ.

ಇನ್ನು ‘ಸಂತೋಷ’ ಎಂಬ ಪದ. ಅನುವಾದಕರ ಮುಂದೆ ಆನಂದ, ಹರ್ಷ, ಉಲ್ಲಾಸ ಎಲ್ಲವೂ ಇದ್ದವು. ಆನಂದಕ್ಕೆ ಉಪನಿಷತ್ತಿನ ಭಾರವಿದೆ. ಹರ್ಷ ಉಕ್ಕಿ ಇಳಿಯುವಂಥದು. ಸಂತೋಷದ ಧಾತು ‘ತುಷ್’, ತೃಪ್ತಿ ಎಂಬ ಅರ್ಥದ್ದು. ಪೌಲ ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಮೊದಲು ಸಂತೋಷಿಸಿರಿ ಎನ್ನುತ್ತಾನೆ. ಸ್ವಲ್ಪ ಮುಂದೆ, ಇದ್ದ ಸ್ಥಿತಿಯಲ್ಲೇ ಸಂತುಷ್ಟನಾಗಿರಲು ಕಲಿತೆ ಎಂಬ ಅರ್ಥದ ಮಾತು ಬರುತ್ತದೆ. ಗ್ರೀಕ್ ಮೂಲದಲ್ಲಿ ಇವೆರಡೂ ಸಂಬಂಧವಿಲ್ಲದ ಪದಗಳು. ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ಎರಡೂ ಒಂದೇ ಬೇರಿನಿಂದ ಹೊರಟಿವೆ. ಹಾಗಾಗಿ ಕನ್ನಡದ ಓದುಗನಿಗೆ ಮೂಲದಲ್ಲಿ ಕೇಳದ ಒಂದು ಸಂಬಂಧ ಕೇಳಿಸುತ್ತದೆ. ಇಲ್ಲಿ ಸಂತೋಷವೆಂದರೆ ಉಕ್ಕು ಅಲ್ಲ, ಕಲಿತು ಪಡೆದ ನೆಲೆ. ಕಲಿತೆ ಎಂಬ ಕ್ರಿಯಾಪದ ನನಗೆ ಮುಖ್ಯ. ನಂಬಿದ ಕ್ಷಣಕ್ಕೇ ದುಃಖ ಹಾರಿಹೋಗುತ್ತದೆ ಎಂದು ಪೌಲ ಎಲ್ಲೂ ಹೇಳಲಿಲ್ಲ.

ಇದೆಲ್ಲ ನೋವಿಗೆ ಹಚ್ಚಿಕೊಳ್ಳುವ ಮುಲಾಮು ಅಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕನ್ನಡದ ಕವಿಗಳಿಗೆ ಶಿಲುಬೆಯ ಕ್ರಿಸ್ತನೇ ಹೆಚ್ಚು ಹತ್ತಿರವಾದದ್ದಕ್ಕೂ ಈ ಅನುಮಾನ ಕಾರಣವಿರಬಹುದು. ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಶುಭ ಶುಕ್ರವಾರದ ಕಾವ್ಯ. ಕ್ರಿಸ್ಮಸ್‌ಗೆ ಅಂಥದೊಂದು ಕಾವ್ಯವನ್ನು ನಾನು ಕಂಡಿಲ್ಲ. ಆದರೆ ಮುಲಾಮು ಗಾಯವನ್ನು ಮುಚ್ಚುತ್ತದೆ. ಮತ್ತಾಯ, ಲೂಕ, ಗೆರ್ಹಾರ್ಟ್ ಮೂವರೂ ಗಾಯವನ್ನು ತೆರೆದೇ ಇಟ್ಟಿದ್ದಾರೆ. ಸೆರೆ, ಕತ್ತಿ, ಸತ್ತ ಮಕ್ಕಳು ಯಾವುದನ್ನೂ ಅಳಿಸದೆ, ದೇವರು ಇಲ್ಲಿಗೇ ಬಂದ ಎಂದಷ್ಟೇ ಅವರ ವಾದ. ಅಮ್ಮನ ಖಾಲಿ ಮಂಚ ಇರುವ ಕೋಣೆಯಲ್ಲಿ ಕೂತು ಓದಿದಾಗ ನನಗೆ ನಿಂತದ್ದು ಆ ವಾದ. ಅಳು ನಿಲ್ಲಲಿಲ್ಲ, ಅಳುವಿನ ಕೆಳಗೆ ಕಾಲೂರಲು ನೆಲವಿದೆ ಎನಿಸಿತು. ನಾನು ಸಂತೋಷ ಎಂದು ಕರೆಯುವುದು ಅದನ್ನು.

ಆದ್ದರಿಂದ ನವಿಮುಂಬಯಿಯಲ್ಲಿ ಕ್ಯಾರಲ್ ಪಟ್ಟಿ ಮಾಡುವ ಕಿರಿಯರಿಗೆ ಎರಡು ಸಲಹೆ. ವಾಟ್ಸ್‌ನ ಮೂರನೆಯ ಚರಣವನ್ನು ಬಿಡಬೇಡಿ. ಹಳೆಯ ಗೀತೆಪುಸ್ತಕದಿಂದ ನಿಧಾನಗತಿಯ ಒಂದು ಕ್ರಿಸ್ಮಸ್ ಗೀತೆಯನ್ನಾದರೂ ಸೇರಿಸಿಕೊಳ್ಳಿ. ಮಾತು ತೊಡಕಾದರೆ ಇವತ್ತಿನ ಕನ್ನಡಕ್ಕೆ ತಿದ್ದಿ ಬರೆಯಿರಿ, ಅದು ಮಾಡಬೇಕಾದ ಕೆಲಸವೇ. ಚಪ್ಪಾಳೆಯ ಹಾಡುಗಳೂ ಇರಲಿ, ಮಕ್ಕಳಿಗೆ ಅವು ಬೇಕು. ಆದರೆ ನೀವು ಬೆಲ್ ಒತ್ತುವ ಇಪ್ಪತ್ತು ಮನೆಗಳಲ್ಲಿ ಒಂದೆರಡಾದರೂ ನಮ್ಮಂಥವು ಇರುತ್ತವೆ.