ನೀರು ಖರ್ಚಾಗದ ವಿದ್ಯುತ್ತೇ?

ಜಲವಿದ್ಯುತ್ತಿನಲ್ಲಿ ನೀರು ಖರ್ಚಾಗುವುದಿಲ್ಲ, ಚಕ್ರ ತಿರುಗಿಸಿ ಮತ್ತೆ ನದಿಗೇ ಸೇರುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಕೃಷ್ಣೆಯನ್ನು ನಂಬಿರುವ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಜನರ ಮಟ್ಟಿಗೆ ಇದು ಅರ್ಧ ಸತ್ಯ.

ಮಹಾರಾಷ್ಟ್ರದ ಕೊಯ್ನಾ ನದಿ ಕರಾಡದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅದರ ಅಣೆಕಟ್ಟಿನ ನೀರನ್ನು ಸುರಂಗಗಳಲ್ಲಿ ಹರಿಸಿ, ಸಹ್ಯಾದ್ರಿಯ ಪಶ್ಚಿಮದ ಇಳಿಜಾರಿನಲ್ಲಿ ವಿದ್ಯುತ್ ತೆಗೆಯುತ್ತಾರೆ. ಆ ನೀರು ವಾಶಿಷ್ಠಿ ನದಿಯ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ, ಕೃಷ್ಣೆಗೆ ಮರಳುವುದಿಲ್ಲ. ಒಟ್ಟು 1,960 ಮೆಗಾವ್ಯಾಟ್ ಸಾಮರ್ಥ್ಯದಲ್ಲಿ ನೀರನ್ನು ಪೂರ್ವಕ್ಕೆ ಬಿಡುವುದು ಅಣೆಕಟ್ಟಿನ ಬುಡದ 40 ಮೆಗಾವ್ಯಾಟ್ ಘಟಕ ಮಾತ್ರ.

ಯೋಜನೆಯ ಮಹತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಸಂಜೆಯ ಬೇಡಿಕೆಗೆ ನಿಮಿಷಗಳಲ್ಲಿ ಓಗೊಡುವುದು ಕಲ್ಲಿದ್ದಲು ಸ್ಥಾವರಗಳಿಂದಾಗದು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗ ಕೂಡಿದ ಮೇಲೆ ಇಡೀ ದೇಶ ಒಂದೇ ವಿದ್ಯುತ್ ಜಾಲ. ವಿದ್ಯುತ್ತಿಗೆ ಗಡಿ ಅಳಿಯಿತು. ನೀರಿಗೆ?

2019ರ ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರ ಒಣಗಿತು, ಕರ್ನಾಟಕ ನೀರಿಗಾಗಿ ಮಹಾರಾಷ್ಟ್ರದ ಮುಂದೆ ಕೈಯೊಡ್ಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನೆರೆ ಬಂದು ಇದೇ ಊರುಗಳು ಮುಳುಗಿದವು. ಬಚಾವತ್ ನ್ಯಾಯಮಂಡಳಿ ಕೊಯ್ನಾದಿಂದ ಪಶ್ಚಿಮಕ್ಕೆ ಹೋಗುವ ನೀರಿಗೆ ವರ್ಷಕ್ಕೆ 67.5 ಟಿಎಂಸಿಯ ಮಿತಿ ಹಾಕಿತ್ತು. ಮೇಲಿನವರಿಗೆ ಮಿತಿಯಿದ್ದರೆ ಸಾಲದು. ಬೇಸಿಗೆಯಲ್ಲಿ ಕೆಳಗಿನವರಿಗೆ ಎಷ್ಟು ನೀರು, ಯಾವಾಗ ಎಂಬುದೂ ಒಪ್ಪಂದದಲ್ಲಿ ಬರೆದಿರಬೇಕು. ಪ್ರತಿ ಬೇಸಿಗೆಯಲ್ಲೂ ಬೇಡಿ ಪಡೆಯುವುದು ಹಕ್ಕು ಎನಿಸಿಕೊಳ್ಳುವುದಿಲ್ಲ.

ನದಿಯ ಕೆಳಗಿನವರ ಬಾಯಾರಿಕೆಯನ್ನು ಲೆಕ್ಕಕ್ಕೆ ತಾರದೆ ಜಲವಿದ್ಯುತ್ತನ್ನು ಅಗ್ಗವೆಂದು ಹೊಗಳುವುದು ನ್ಯಾಯವಲ್ಲ.