ವಾರ ಬಿಟ್ಟು ವಾರ

ಡೈವೋರ್ಸ್ ಸಿನಿಮಾಗಳು ಸಾಮಾನ್ಯವಾಗಿ ತೀರ್ಪಿನ ಆಸುಪಾಸಿನಲ್ಲೇ ಮುಗಿದುಹೋಗುತ್ತವೆ. 1979ರ 'ಕ್ರೇಮರ್ ವರ್ಸಸ್ ಕ್ರೇಮರ್' ನೆನಪಿಸಿಕೊಳ್ಳಿ. ಕೋರ್ಟು ಮಗನನ್ನು ತಾಯಿಗೆ ಕೊಡುತ್ತೆ. ಕರೆದುಕೊಂಡು ಹೋಗಲು ಬಂದ ತಾಯಿ ಕೊನೇ ಗಳಿಗೆಯಲ್ಲಿ ಅವನನ್ನು ಅಪ್ಪನ ಹತ್ತಿರವೇ ಬಿಡ್ತಾಳೆ. ಆದೇಶ ಜಾರಿ ಮಾಡೋ ತಲೆನೋವೇ ಇಲ್ಲ. ಫ್ರಾನ್ಸಿನ ಕ್ಸಾವಿಯೆ ಲೆಗ್ರಾಂ 2017ರಲ್ಲಿ ಮಾಡಿದ 'ಕಸ್ಟಡಿ' ಶುರುವಾಗೋದೇ ಆ ತಲೆನೋವಿನಿಂದ.

ಮೊದಲ ದೃಶ್ಯ ನ್ಯಾಯಾಧೀಶೆಯ ಕೋಣೆ. ಗಂಡ, ಹೆಂಡತಿ, ವಕೀಲರು. ಅಪ್ಪನನ್ನು ನೋಡೋಕೆ ಇಷ್ಟ ಇಲ್ಲ ಅಂತ 11 ವರ್ಷದ ಜೂಲಿಯೆನ್ ಕೊಟ್ಟ ಹೇಳಿಕೆಯನ್ನು ಓದಲಾಗುತ್ತೆ. ಇದು ಹುಡುಗನ ಮಾತೋ, ಅಮ್ಮ ಹೇಳಿಕೊಟ್ಟಿದ್ದೋ? ಫ್ಲ್ಯಾಶ್‌ಬ್ಯಾಕ್ ಇಲ್ಲ, ನಮಗೂ ಗೊತ್ತಾಗಲ್ಲ. ನಿಜ ಹೇಳ್ತೀನಿ, ಆ ಹೊತ್ತಲ್ಲಿ ನಾನು ಅಪ್ಪ ಅಂತ್ವಾನ್ ಪರ ಇದ್ದೆ. ದೊಡ್ಡ ಮೈಯ, ಮುದುಡಿ ಕೂತ ಮನುಷ್ಯ, ಪಾಪ ಅನ್ನಿಸ್ತು. ಅಕ್ಕನಿಗೆ 18 ತುಂಬ್ತಾ ಇರೋದರಿಂದ ಅವಳು ಪಾರು. ಜೂಲಿಯೆನ್ ಮಾತ್ರ ವಾರ ಬಿಟ್ಟು ವಾರ ಅಪ್ಪನ ಜೊತೆ ಹೋಗಬೇಕು.

ಫ್ರಾನ್ಸಿನಲ್ಲಿ ಕೋರ್ಟು ಹೇಳಿದ ಮೇಲೂ ಮಗುವನ್ನು ಕಳಿಸದಿದ್ದರೆ ಅದು ಕ್ರಿಮಿನಲ್ ಅಪರಾಧ. 1 ವರ್ಷದವರೆಗೆ ಜೈಲು, 15,000 ಯೂರೋ ದಂಡ. ಹಾಗಾಗಿ ವ್ಯಾನ್ ಬಂದು ನಿಂತರೆ ಹುಡುಗ ಬ್ಯಾಗ್ ಎತ್ಕೊಂಡು ಹೊರಡಲೇಬೇಕು. ವ್ಯಾನಿನೊಳಗೆ ಸೀಟ್‌ಬೆಲ್ಟಿನ ಕುಂಯ್ ಕುಂಯ್ ಸದ್ದು, ಅಮ್ಮನ ಹೊಸ ವಿಳಾಸ ಬಾಯಿಬಿಡಿಸೋ ಅಪ್ಪ, ಸುಳ್ಳು ಹೇಳಿ ಹೇಳಿ ಸುಸ್ತಾಗೋ ಮಗ. ಸಿನಿಮಾದ ಜೀವ ಇರೋದು ಇಲ್ಲೇ.

(ಮುಂದೆ ಸ್ಪಾಯ್ಲರ್ ಇದೆ.) ನನ್ನ ತಕರಾರು ಕೊನೆಯ ಭಾಗದ್ದು. ಅಂತ್ವಾನ್ ರಾತ್ರಿ ಕೋವಿ ಹಿಡಿದು ಬರ್ತಾನೆ, ತಾಯಿ-ಮಗ ಬಾತ್‌ಟಬ್ಬಿನಲ್ಲಿ ಅಡಗ್ತಾರೆ. ಉಸಿರು ಕಟ್ಟುತ್ತೆ, ಸರಿ. ಆದರೆ ನ್ಯಾಯಾಧೀಶೆಗೆ ಸಿಗದ ಸಾಕ್ಷಿಯನ್ನು ಆ ಕೋವಿ ನಮಗೆ ಪುಕ್ಕಟೆ ಕೊಟ್ಟುಬಿಡುತ್ತೆ. ಕೋವಿ ತರದ ಅಪ್ಪ ಆಗಿದ್ದಿದ್ರೆ? ಹುಡುಗ ವಾರ ಬಿಟ್ಟು ವಾರ ವ್ಯಾನ್ ಹತ್ತುತ್ತಲೇ ಇರ್ತಿದ್ದ.

ನನ್ನ ಸಹೋದ್ಯೋಗಿ ಒಬ್ಬರು ಸಿನಿಮಾ ಅರ್ಧಕ್ಕೇ ನಿಲ್ಲಿಸಿದರು. ಅವರ ಜೇಬಲ್ಲೂ ಒಂದು ಆದೇಶ ಇದೆ. ಶನಿವಾರ ಹೋದರೆ ಮಗಳಿಗೆ ಒಂದ್ಸಲ ಜ್ವರ, ಇನ್ನೊಂದ್ಸಲ ಪರೀಕ್ಷೆ. ನಮ್ಮಲ್ಲಿ ಅದಕ್ಕೆ ಫ್ರಾನ್ಸಿನಂಥ ಪ್ರತ್ಯೇಕ ಅಪರಾಧ ಇಲ್ಲ. ಮತ್ತೆ ಕೋರ್ಟಿಗೇ ಅರ್ಜಿ, ಮತ್ತೆ ತಾರೀಖು. "ಗೇಟ್ ಹತ್ರ ನಿಂತಾಗ ನಾನೂ ಹಾಗೇ ಕಾಣ್ತೀನೇನ್ರಿ?" ಅಂದರು. ಲೆಗ್ರಾಂ ಸಿನಿಮಾದಲ್ಲಿ ಅವರಿಗೆ ಜಾಗ ಇಲ್ಲ.

ಮೊದಲ ದೃಶ್ಯದ ನ್ಯಾಯಾಧೀಶೆ ಆಮೇಲೆ ತೆರೆ ಮೇಲೆ ಬರೋದೇ ಇಲ್ಲ. ನನಗೆ ಅವರನ್ನು ಇನ್ನೊಂದು ಸಲ ನೋಡಬೇಕಿತ್ತು.